ತರಗೆಲೆಯೇ ಊಟದ ತಟ್ಟೆ

ಮಕ್ಕಳೇ, ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವನ್ನು ನೀವು ನೋಡಿದ್ದೀರಾ? ಅಲ್ಲಿನ ಕುರುಚಲು ಕಾಡಿನಲ್ಲಿ ತರಗೆಲೆ ಸರಸರ ಸದ್ದು ಮಾಡಿದರೆ ದೂರದಲ್ಲೇ ನಿಂತು ಗಮನಿಸಿ. ಅದು ಹರಟೆಮಲ್ಲಗಳ ಗುಂಪು ಇರಬಹುದು!

ಮಣ್ಣಿನ ಬಣ್ಣದ ಈ ಹಕ್ಕಿಗಳು ನೆಲದ ಮೇಲೆ ಕುಪ್ಪಳಿಸುತ್ತಾ, ಕೊಕ್ಕಿನಿಂದ ಒಣ ಎಲೆಗಳನ್ನು ಮಗುಚಿ ಜೀರುಂಡೆ, ಮಿಡತೆ, ಹುಳುಗಳನ್ನು ಹಿಡಿದು ತಿನ್ನುತ್ತವೆ. ಉಳಿದವು ಮೇಯುವಾಗ ಒಂದು ಹಕ್ಕಿ ಎತ್ತರದಲ್ಲಿ ಕುಳಿತು ಕಾವಲು ಕಾಯುತ್ತದೆ. ಅಪಾಯ ಕಂಡರೆ ಕೂಗಿ ಎಚ್ಚರಿಸುತ್ತದೆ.

ತರಗೆಲೆಯ ಅಡಿಯಲ್ಲಿ ನೆರಳೂ ತೇವವೂ ಇರುತ್ತವೆ. ಆದ್ದರಿಂದಲೇ ಅಲ್ಲಿ ಹುಳುಗಳು ವಾಸಿಸುತ್ತವೆ. ಬೇಸಿಗೆಯಲ್ಲಿ ಯಾರೋ ಎಸೆದ ಬೀಡಿಯ ಕಿಡಿ ಸಾಕು; ಎಲೆಯೂ ಹುಳುವೂ ಸುಟ್ಟು ಬೂದಿ. ಮಳೆ ಬಂದಾಗ ಗಿಡಗಳು ಮತ್ತೆ ಚಿಗುರಬಹುದು. ಅಲ್ಲಿಯವರೆಗೆ ಹಕ್ಕಿ ಏನು ತಿನ್ನಬೇಕು? ಹರಟೆಮಲ್ಲದ ರೆಕ್ಕೆ ಗಿಡ್ಡ, ಅದು ಬಹುದೂರ ಹಾರಲಾರದು.

2019ರಲ್ಲಿ ಸರ್ಕಾರ ಕಪ್ಪತಗುಡ್ಡದ ಸುಮಾರು 244 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಿತು. ಅದನ್ನು ಬೆಂಕಿಯಿಂದ ಕಾಯುವುದು ನಮ್ಮೆಲ್ಲರ ಕೆಲಸ.

ಮಾಡಿ ನೋಡಿ: ಶಾಲೆಯ ಮರದಡಿ ಬಿದ್ದ ಎಲೆಗಳನ್ನು ಶಿಕ್ಷಕರೊಂದಿಗೆ ಕೋಲಿನಿಂದ ಮೆಲ್ಲಗೆ ಸರಿಸಿ. ಎಷ್ಟು ಬಗೆಯ ಜೀವಿಗಳಿವೆ? ಎಣಿಸಿ ಬರೆಯಿರಿ. ನಂತರ ಎಲೆಗಳನ್ನು ಮೊದಲಿನಂತೆಯೇ ಮುಚ್ಚಿಡಿ.