ಹಳೆಯ ಎಸ್‌ಎಂಪಿಎಸ್: ಕೊಂಡ ಬೆಲೆ, ತೆತ್ತ ಬೆಲೆ

ಡೆಸ್ಕ್‌ಟಾಪ್ ಕಂಪ್ಯೂಟರಿನ ಎಸ್‌ಎಂಪಿಎಸ್ 3.3, 5 ಮತ್ತು 12 ವೋಲ್ಟ್‌ಗಳನ್ನು ಒಂದೇ ಪೆಟ್ಟಿಗೆಯಿಂದ ಧಾರಾಳವಾಗಿ ಕೊಡುತ್ತದೆ. ಹವ್ಯಾಸಕ್ಕೆ ಸರ್ಕ್ಯೂಟ್ ಕಟ್ಟುವವರಿಗೆ ಬಹುಪಾಲು ಬೇಕಾಗುವುದೂ ಇವೇ. ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ನೆರೆಯುವ ಜುನಾ ಬಜಾರಿನಲ್ಲಿ ಇದು ಗುಜರಿ ಬೆಲೆಗೆ ಸಿಕ್ಕರೆ, ಉಳಿದ ಬಿಡಿಭಾಗಗಳಿಗೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿ ಇದೆ.

ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದರೆ ಪೆಟ್ಟಿಗೆ ಚಾಲೂ ಆಗುತ್ತದೆ. ಹಳೆಯ ಮಾದರಿಗಳು ಖಾಲಿ ಓಡಲು ಒಪ್ಪುವುದಿಲ್ಲ, ಅಥವಾ ಓಡಿದರೂ ವೋಲ್ಟೇಜ್ ಅಲುಗುತ್ತದೆ. ಆದ್ದರಿಂದ 5 ವೋಲ್ಟ್‌ನ ಕೆಂಪು ತಂತಿಗೂ ಕಪ್ಪಿಗೂ ನಡುವೆ 10 ಓಮ್, 10 ವಾಟ್‌ನ ರೆಸಿಸ್ಟರ್ ಹಾಕುವುದು ವಾಡಿಕೆ. ಅದರಲ್ಲಿ ಅರ್ಧ ಆಂಪಿಯರ್ ಹರಿದು ಎರಡೂವರೆ ವಾಟ್ ಬಿಸಿಯಾಗಿ ಹೋಗುತ್ತದೆ. ಪೆಟ್ಟಿಗೆಯ ಮುಚ್ಚಳ ಮಾತ್ರ ತೆಗೆಯಬಾರದು: ಒಳಗಿನ ಕೆಪಾಸಿಟರ್‌ಗಳಲ್ಲಿ ಸುಮಾರು 325 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲ ಹೊತ್ತು ಉಳಿದಿರಬಹುದು.

ಈಗ ಲೆಕ್ಕ. ಪೆಟ್ಟಿಗೆಗೆ 400 ರೂಪಾಯಿ, ಟರ್ಮಿನಲ್, ಸ್ವಿಚ್, ಫ್ಯೂಸ್, ರೆಸಿಸ್ಟರ್‌ಗೆ 270 ಎಂದಿಟ್ಟುಕೊಂಡರೆ 670 ಆಯಿತು. ಹೊಸ ಬೆಂಚ್ ಸಪ್ಲೈ 4,500 ಎಂದು ಹಿಡಿದರೆ ಉಳಿತಾಯ 3,830. ಇಲ್ಲಿಗೇ ಲೆಕ್ಕ ಮುಗಿಸುವವರೇ ಹೆಚ್ಚು. ಆದರೆ ಬೆಂಚ್ ಸಪ್ಲೈಯಲ್ಲಿರುವ ಕರೆಂಟ್ ಮಿತಿ ಇದರಲ್ಲಿಲ್ಲ. 5 ವೋಲ್ಟ್‌ನಲ್ಲಿ 20 ಆಂಪಿಯರ್ ಎಂದು ಬರೆದ ಪೆಟ್ಟಿಗೆ, ಬ್ರೆಡ್‌ಬೋರ್ಡಿನಲ್ಲಿ ತಂತಿ ತಪ್ಪಿ ತಾಗಿದಾಗ ನೂರು ವಾಟ್‌ವರೆಗೂ ಸುರಿಯುತ್ತದೆ. ಅದರ ರಕ್ಷಣೆ ಅದನ್ನು ಕಾಯುತ್ತದೆಯೇ ಹೊರತು ಬೋರ್ಡನ್ನಲ್ಲ. 500 ರೂಪಾಯಿಯ ಬೋರ್ಡು ವರ್ಷಕ್ಕೆ ಎರಡು ಸುಟ್ಟರೂ ನಾಲ್ಕು ವರ್ಷದೊಳಗೆ ಉಳಿತಾಯವೆಲ್ಲ ಕರಗುತ್ತದೆ. ವೋಲ್ಟೇಜ್, ಕರೆಂಟ್ ಎರಡಕ್ಕೂ ತಿರುಪು ಇರುವ ಬಕ್ ಮಾಡ್ಯೂಲ್ ಮತ್ತು ಮೀಟರಿಗೆ 450 ಕೊಟ್ಟರೆ ಒಟ್ಟು 1,120. ಉಳಿತಾಯ 3,380ಕ್ಕೆ ಇಳಿದರೂ ಈ ಸಂಖ್ಯೆ ಕೈಯಲ್ಲಿ ಉಳಿಯುವಂಥದ್ದು. ಈ ಅಂಕಣದ ಮೇಜಿನ ಮೇಲಿರುವುದೂ ಅಂಥದ್ದೇ ಜೋಡಣೆ.

ಕರೆಂಟ್ ಬಿಲ್ಲಿನ ಬಾಬತ್ತು ಚಿಕ್ಕದು, ಆದರೂ ವಿಚಿತ್ರ. ಪ್ಲಗ್‌ನಲ್ಲೇ ಬಿಟ್ಟ ಪೆಟ್ಟಿಗೆ, ನೇರಳೆ ತಂತಿಯ ಸ್ಟ್ಯಾಂಡ್‌ಬೈಗಾಗಿ 2 ವಾಟ್ ಎಳೆದರೆ ವರ್ಷಕ್ಕೆ 17.5 ಯೂನಿಟ್. ಯೂನಿಟ್‌ಗೆ 10 ರೂಪಾಯಿಯಂತೆ 175 ರೂಪಾಯಿ. ವಾರಕ್ಕೆ ನಾಲ್ಕು ಗಂಟೆ ದುಡಿಯುವ ರೆಸಿಸ್ಟರ್ ತಿನ್ನುವುದು ಆರು ರೂಪಾಯಿಯಷ್ಟೂ ಇಲ್ಲ. ಗೋಡೆಯ ಸ್ವಿಚ್ ಆರಿಸದೆ ಏಳುವವರು ಮೊಬೈಲ್ ಚಾರ್ಜರನ್ನೂ ಹಾಗೆಯೇ ಬಿಡುತ್ತಾರೆ, ಟಿವಿಯನ್ನೂ.

ನಂಬಬಾರದ ಸರಕೆಂದರೆ ಹೆಸರಿಲ್ಲದ ಹೊಸ ‘450 ವಾಟ್’ ಎಸ್‌ಎಂಪಿಎಸ್. ಲೇಬಲ್‌ನಲ್ಲಿ 12 ವೋಲ್ಟ್‌ಗೆ 14 ಆಂಪಿಯರ್ ಎಂದಿದ್ದರೆ ಅಲ್ಲಿ ಸಿಗುವುದು 168 ವಾಟ್. ಉಳಿದದ್ದನ್ನು ಎಲ್ಲಿಂದ ತಂದು ತುಂಬಿಸುತ್ತಾರೆ? ಕೈಯಲ್ಲಿ ಹಿಡಿದರೆ ಹಗುರ, ತಂತಿಗಳು ಸಣಕಲು. ಇಂಥದ್ದಕ್ಕೆ ಹಣ ಹಾಕುವುದಕ್ಕಿಂತ ಒಳ್ಳೆಯ ಕಂಪನಿಯ ಹಳೆಯ ಪೆಟ್ಟಿಗೆ ವಾಸಿ.

ಎಲ್‌ಇಡಿ ಪಟ್ಟಿ, 12 ವೋಲ್ಟ್‌ನ ಫ್ಯಾನ್, ಸಣ್ಣ ಮೋಟಾರ್, ಮೈಕ್ರೊಕಂಟ್ರೋಲರ್ ಬೋರ್ಡುಗಳಿಗೆ ಇದು ಸಾಕು. 12 ವೋಲ್ಟ್‌ನಲ್ಲಿ 120 ಮಿಲಿವೋಲ್ಟ್‌ವರೆಗೆ ರಿಪಲ್‌ಗೆ ಎಟಿಎಕ್ಸ್ ಮಾನದಂಡವೇ ಅವಕಾಶ ಕೊಟ್ಟಿರುವುದರಿಂದ ಸೂಕ್ಷ್ಮ ಆಡಿಯೊ ಕೆಲಸಕ್ಕೆ ಹೊಂದುವುದಿಲ್ಲ. ನೀಲಿ ತಂತಿಯ ಋಣ 12 ವೋಲ್ಟ್ ಆಪ್-ಆಂಪ್‌ಗೆ ಒದಗುತ್ತದೆ, ಆದರೆ ಅದರ ಶಕ್ತಿ ಅರ್ಧ ಆಂಪಿಯರಿನ ಆಸುಪಾಸು. 30 ವೋಲ್ಟ್ ಬೇಕಾದವರು ಬೆಂಚ್ ಸಪ್ಲೈಯನ್ನೇ ಕೊಳ್ಳಬೇಕು.