ಹಾಲು ಒಗ್ಗದಿದ್ದರೆ ಏನು ಮಾಡಬೇಕು? ಮಜ್ಜಿಗೆಯಿಂದ ಕುಸುಬಿ ಹಾಲಿನವರೆಗೆ

‘ಹಾಲು ಕುಡದ್ರ ಹೊಟ್ಟಿ ಉಬ್ಬತೈತಿ, ಮಜ್ಜಿಗಿ ಎಷ್ಟು ಕುಡದ್ರೂ ಏನೂ ಆಗಂಗಿಲ್ಲ.’ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಮನೆಗಳಲ್ಲಿ ಈ ಮಾತು ಹೊಸದೇನಲ್ಲ. ಕೆಲವರು ಇದನ್ನು ನೆಪ ಎಂದು ತಳ್ಳಿಹಾಕುತ್ತಾರೆ, ಕೆಲವರು ಗ್ಯಾಸಿನ ಗುಳಿಗೆ ನುಂಗಿ ಸುಮ್ಮನಾಗುತ್ತಾರೆ. ಆದರೆ ಹಾಲು ಒಗ್ಗದು, ಮಜ್ಜಿಗೆ ಒಗ್ಗುತ್ತದೆ ಎಂಬುದು ವೈದ್ಯರಿಗೆ ಬಹಳ ಮುಖ್ಯವಾದ ಸುಳಿವು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣವಾಗದವರು ಹೇಳುವುದು ಹೆಚ್ಚುಕಡಿಮೆ ಇದೇ ಮಾತನ್ನು. ಇಂಥವರು ಹಾಲನ್ನು ಪೂರ್ತಿ ಬಿಡಬೇಕಿಲ್ಲ, ದುಬಾರಿ ಪ್ಯಾಕೆಟ್‌ಗಳ ಬೆನ್ನು ಹತ್ತಬೇಕಾಗಿಯೂ ಇಲ್ಲ. ಮಾಡಬೇಕಾದ್ದನ್ನು ಹಂತಹಂತವಾಗಿ ನೋಡೋಣ.

ಹೊಟ್ಟೆಯಲ್ಲಿ ನಡೆಯುವುದೇನು?

ಲ್ಯಾಕ್ಟೋಸನ್ನು ಒಡೆಯಲು ಸಣ್ಣ ಕರುಳಿನ ಒಳಪದರದಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಇರುತ್ತದೆ. ಎದೆಹಾಲು ಕುಡಿಯುವ ಕೂಸಿನಲ್ಲಿ ಇದು ಧಾರಾಳ. ಬೆಳೆಯುತ್ತ ಹೋದಂತೆ ಬಹಳಷ್ಟು ಜನರಲ್ಲಿ ಇದರ ಪ್ರಮಾಣ ಇಳಿಯುತ್ತದೆ. ಆಗ ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಗಾಳಿ ಹುಟ್ಟಿಸುತ್ತವೆ, ಕರುಳಿನೊಳಗೆ ನೀರೂ ಸೇರಿಕೊಳ್ಳುತ್ತದೆ. ಹಾಲು ಕುಡಿದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಹೊಟ್ಟೆ ಗುಡುಗುಡು ಎನ್ನುವುದು, ಉಬ್ಬುವುದು, ನುಲಿಯುವುದು, ಭೇದಿಯಾಗುವುದು ಈ ಕಾರಣಕ್ಕೆ.

ಪ್ರಪಂಚದ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಲ್ಯಾಕ್ಟೋಸ್ ಪೂರ್ತಿ ಜೀರ್ಣವಾಗುವುದಿಲ್ಲ. ನಮ್ಮ ದೇಶದಲ್ಲಿ ಇದು ಉತ್ತರದವರಿಗಿಂತ ದಕ್ಷಿಣದವರಲ್ಲಿ ಹೆಚ್ಚು ಎಂದು 1980ರ ದಶಕದಿಂದಲೇ ವೈದ್ಯಕೀಯ ಅಧ್ಯಯನಗಳು ಹೇಳುತ್ತ ಬಂದಿವೆ. ಹಾಗಾಗಿ ಹಾಲು ಒಗ್ಗುವುದಿಲ್ಲ ಎನ್ನಲು ಯಾರೂ ಮುಜುಗರಪಡಬೇಕಿಲ್ಲ.

ಹಂತ 1: ಅಲರ್ಜಿ ಅಲ್ಲವೆಂದು ಖಚಿತಪಡಿಸಿಕೊಳ್ಳಿ

ಹಾಲಿನ ಅಲರ್ಜಿಯೇ ಬೇರೆ, ಲ್ಯಾಕ್ಟೋಸ್ ಒಗ್ಗದಿರುವುದೇ ಬೇರೆ. ಅಲರ್ಜಿ ಬರುವುದು ಹಾಲಿನ ಪ್ರೋಟೀನ್‌ನಿಂದ, ಅದು ಹೆಚ್ಚಾಗಿ ಚಿಕ್ಕ ಮಕ್ಕಳಲ್ಲಿ. ಮೈಮೇಲೆ ದದ್ದು, ತುಟಿ ಅಥವಾ ಮುಖ ಊದುವುದು, ವಾಂತಿ, ಉಬ್ಬಸ ಕಂಡರೆ ಅಲರ್ಜಿ ಎಂದು ಶಂಕಿಸಿ ಕೂಡಲೇ ವೈದ್ಯರ ಬಳಿ ಹೋಗಿ. ಅಂಥವರಿಗೆ ಮಜ್ಜಿಗೆ, ಮೊಸರೂ ಅಪಾಯ. ಈ ಲೇಖನದ ಮನೆ ಪರೀಕ್ಷೆಯನ್ನು ಅವರು ಮಾಡಲೇಬಾರದು.

ತೂಕ ಇಳಿಯುವುದು, ಮಲದಲ್ಲಿ ರಕ್ತ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ ಇದ್ದರೂ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯ ಬಿದ್ದರೆ ಗದಗಿನ ಜಿಮ್ಸ್ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ ಹೋಗಿ.

ಹಂತ 2: ಎರಡು ವಾರ ಬಿಟ್ಟು ನೋಡಿ

ಉಸಿರಿನಲ್ಲಿ ಹೈಡ್ರೋಜನ್ ಅಳೆಯುವ ಪರೀಕ್ಷೆಯಿಂದ ಲ್ಯಾಕ್ಟೋಸ್ ತೊಂದರೆ ಪತ್ತೆಯಾಗುತ್ತದೆ. ಅದಕ್ಕೂ ಮೊದಲು ದೊಡ್ಡವರು ಮನೆಯಲ್ಲೇ ಹೀಗೆ ಮಾಡಿ ನೋಡಬಹುದು.

* ಎರಡು ವಾರ ಹಾಲು, ಹಾಲಿನ ಚಹಾ, ಪೇಢೆ, ಖವಾ, ಬಾಸುಂದಿ, ಐಸ್‌ಕ್ರೀಂ, ಹಾಲಿನ ಪುಡಿ ಹಾಕಿದ ಬಿಸ್ಕತ್ತು ಬಿಡಿ.
* ಏನು ಉಂಡಿರಿ, ಹೊಟ್ಟೆ ಹೇಗಿತ್ತು ಎಂದು ದಿನವೂ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ.
* ಹೊಟ್ಟೆ ಹಗುರಾದರೆ, ಹದಿನೈದನೇ ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಹಾಲು ಕುಡಿದು ಮೂರ್ನಾಲ್ಕು ಗಂಟೆ ಗಮನಿಸಿ.
* ಹಳೆಯ ತೊಂದರೆ ಮರಳಿದರೆ ಲ್ಯಾಕ್ಟೋಸ್ ಕಾರಣ ಇರಬಹುದು. ಎರಡು ವಾರ ಬಿಟ್ಟರೂ ಹೊಟ್ಟೆ ಸುಧಾರಿಸದಿದ್ದರೆ ಕಾರಣ ಬೇರೆ ಇದೆ, ವೈದ್ಯರಿಗೆ ತೋರಿಸಿ.

ವಾಂತಿ-ಭೇದಿಯಾಗಿ ಸುಧಾರಿಸಿಕೊಂಡ ಮೇಲೆ ಕೆಲವರಿಗೆ ತಾತ್ಕಾಲಿಕವಾಗಿ ಹಾಲು ಒಗ್ಗುವುದಿಲ್ಲ. ಕರುಳಿನ ಪದರ ಮಾಗಿದ ಮೇಲೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಮತ್ತೆ ಒಗ್ಗುತ್ತದೆ. ಇದನ್ನು ಕಾಯಂ ಎಂದು ತಿಳಿದು ಹಾಲು ಬಿಟ್ಟುಬಿಡಬೇಡಿ.

ಹಂತ 3: ನಿಮ್ಮ ಅಳತೆ ಕಂಡುಕೊಳ್ಳಿ

ಲ್ಯಾಕ್ಟೋಸ್ ಒಗ್ಗದ ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಂವರೆಗೆ, ಅಂದರೆ ಸುಮಾರು 250 ಮಿ.ಲೀ. ಹಾಲಿನಲ್ಲಿರುವಷ್ಟನ್ನು, ಹೆಚ್ಚು ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ಊಟದ ಜೊತೆ ಸೇವಿಸಿದರೆ ಇನ್ನೂ ಸುಲಭ. ಹಾಗಾಗಿ ಒಂದು ಕಪ್ ಚಹಾಕ್ಕೆ ಬೀಳುವ ಹಾಲು ಬಹಳಷ್ಟು ಮಂದಿಗೆ ಏನೂ ಮಾಡುವುದಿಲ್ಲ.

ಮೊದಲ ಮೂರು ದಿನ ಕಾಲು ಕಪ್ ಹಾಲನ್ನು ರೊಟ್ಟಿ ಅಥವಾ ಅನ್ನದ ಜೊತೆ ತೆಗೆದುಕೊಳ್ಳಿ. ಒಗ್ಗಿದರೆ ಅರ್ಧ ಕಪ್‌ಗೆ ಏರಿಸಿ. ಹೊಟ್ಟೆ ಕೆಟ್ಟ ಅಳತೆಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿ. ಹುಗ್ಗಿ, ಮಾದಲಿಯ ಮೇಲೆ ಹಾಲು ಸುರಿದುಕೊಳ್ಳುವ ಹಬ್ಬದ ದಿನವೂ ಈ ಅಳತೆ ನೆನಪಿರಲಿ.

ಜವಾರಿ ಆಕಳ ಹಾಲಿನಲ್ಲಿ ಲ್ಯಾಕ್ಟೋಸ್ ಇರುವುದಿಲ್ಲ, ಆಡಿನ ಹಾಲು ಕುಡಿದರೆ ಸಾಕು ಎಂಬ ನಂಬಿಕೆ ಇದೆ. ಇದು ಸರಿಯಲ್ಲ. ಆಕಳು ಜವಾರಿಯಾಗಲಿ, ವಿದೇಶಿ ಎಚ್‌ಎಫ್ ತಳಿಯದಾಗಲಿ, ಹಾಲಿನಲ್ಲಿ ಲ್ಯಾಕ್ಟೋಸ್ ಶೇ 5ರ ಆಸುಪಾಸು ಇದ್ದೇ ಇರುತ್ತದೆ. ಎಮ್ಮೆ ಹಾಲಿನಲ್ಲೂ ಅಷ್ಟೇ. ಆಡಿನ ಹಾಲಿನಲ್ಲಿ ಕೊಂಚ ಮಾತ್ರ ಕಡಿಮೆ.

ಹಂತ 4: ಹೈನಿನಲ್ಲಿ ಒಗ್ಗುವುದನ್ನು ಆರಿಸಿಕೊಳ್ಳಿ

ಮೊಸರು, ಮಜ್ಜಿಗೆ: ಹಾಲು ಹೆಪ್ಪುಗಟ್ಟುವಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಪಾಲನ್ನು ತಾವೇ ತಿಂದಿರುತ್ತವೆ. ಉಳಿದದ್ದನ್ನು ಕರುಳಿನಲ್ಲಿ ಒಡೆಯಲೂ ನೆರವಾಗುತ್ತವೆ. ಚೆನ್ನಾಗಿ ಹುಳಿ ಬಂದ ಮೊಸರು ಇನ್ನೂ ಒಳ್ಳೆಯದು. ಮಜ್ಜಿಗೆಯನ್ನು ಕುದಿಸಿದರೆ ಈ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಆದ್ದರಿಂದ ಹಾಗೆಯೇ ಕುಡಿಯಿರಿ.

ತುಪ್ಪ, ಬೆಣ್ಣೆ: ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ, ಬೆಣ್ಣೆಯಲ್ಲಿ ಅತ್ಯಲ್ಪ. ಹೋಳಿಗೆಗೆ ಹಾಲಿನ ಬದಲು ತುಪ್ಪ ಹಾಕಿಕೊಳ್ಳಬಹುದು.

ಪನೀರ್: ಹಾಲು ಒಡೆದಾಗ ಲ್ಯಾಕ್ಟೋಸಿನ ಬಹುಪಾಲು ನೀರಿನ ಜೊತೆ ಹೋಗಿಬಿಡುತ್ತದೆ. ಚೆನ್ನಾಗಿ ಹಿಂಡಿದ ಪನೀರ್ ಹೆಚ್ಚಿನವರಿಗೆ ಒಗ್ಗುತ್ತದೆ.

ಖವಾ, ಪೇಢೆ, ಕುಂದಾ: ಹಾಲಿನ ನೀರು ಇಂಗಿ ಲ್ಯಾಕ್ಟೋಸ್ ಗಟ್ಟಿಯಾಗಿ ಉಳಿದಿರುತ್ತದೆ. ಒಂದು ಚೂರಿಗೆ ನಿಲ್ಲಿಸಿ.

ಹಂತ 5: ಹಾಲಿನ ಬದಲಿಯನ್ನು ತಿಳಿದುಕೊಳ್ಳಿ

ದೊಡ್ಡ ಅಂಗಡಿಗಳಲ್ಲಿ ‘ಲ್ಯಾಕ್ಟೋಸ್ ಫ್ರೀ’ ಎಂದು ಬರೆದ ಆಕಳ ಹಾಲು ಸಿಗುತ್ತದೆ. ಅದಕ್ಕೆ ಲ್ಯಾಕ್ಟೇಸ್ ಬೆರೆಸಿ ಲ್ಯಾಕ್ಟೋಸನ್ನು ಮೊದಲೇ ಒಡೆದಿರುತ್ತಾರೆ. ಹಾಗಾಗಿ ರುಚಿ ತುಸು ಸಿಹಿ, ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಮಾಮೂಲಿ ಹಾಲಿನಷ್ಟೇ.

ಸೋಯಾ, ಬಾದಾಮಿ, ಓಟ್ಸ್ ಪಾನೀಯಗಳ ಪ್ಯಾಕೆಟ್ ಮೇಲೆ ‘ಹಾಲು’ ಎಂದು ಬರೆಯುವಂತಿಲ್ಲ. ಆ ಹೆಸರು ಪಶುಗಳ ಹಾಲಿಗೆ ಮಾತ್ರ ಮೀಸಲು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಕೊಳ್ಳುವ ಮುನ್ನ ಪ್ಯಾಕೆಟ್‌ನ ಹಿಂಬದಿಯಲ್ಲಿ ಮೂರು ಸಾಲು ಓದಿ: 100 ಮಿ.ಲೀ.ಗೆ ಪ್ರೋಟೀನ್ ಎಷ್ಟು, ಕ್ಯಾಲ್ಸಿಯಂ ಎಷ್ಟು, ಸೇರಿಸಿದ ಸಕ್ಕರೆ ಎಷ್ಟು. ಹಾಲಿನಲ್ಲಿ ಪ್ರೋಟೀನ್ 3 ಗ್ರಾಂ, ಕ್ಯಾಲ್ಸಿಯಂ 120 ಮಿ.ಗ್ರಾಂ ಆಸುಪಾಸು ಇರುತ್ತದೆ. ಪ್ರೋಟೀನ್‌ನಲ್ಲಿ ಹಾಲಿನ ಸಮೀಪಕ್ಕೆ ಬರುವುದು ಸೋಯಾ ಮಾತ್ರ. ಬಾದಾಮಿ ಪಾನೀಯದಲ್ಲಿ ಸಾಮಾನ್ಯವಾಗಿ ನೀರೇ ಹೆಚ್ಚು.

ಇನ್ನು ನಮ್ಮದೇ ಎರೆ ಹೊಲದ ಹಾಲು ಒಂದಿದೆ: ಕುಸುಬಿ ಹಾಲು. ಹಿಂಗಾರಿನಲ್ಲಿ ಜೋಳ, ಕಡಲೆಯ ಜೊತೆ ಕುಸುಬಿ ಬಿತ್ತುವ ಈ ಸೀಮೆಯಲ್ಲಿ ಕುಸುಬಿ ಹುಗ್ಗಿ ಮಾಡುವ ರೂಢಿ ಹಳೆಯದು. ಪಕ್ಕದ ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರದ ಎ-1 ಕುಸುಬಿ ತಳಿ ರೈತರಿಗೆಲ್ಲ ಗೊತ್ತು. ಹಾಲು ತೆಗೆಯುವ ಕ್ರಮ ಹೀಗೆ:

* ಒಂದು ಬಟ್ಟಲು ಕುಸುಬಿ ಕಾಳನ್ನು ಕೇರಿ, ಕಲ್ಲು ಆರಿಸಿ, ಎರಡು ಮೂರು ನೀರಿನಲ್ಲಿ ತೊಳೆದು ರಾತ್ರಿ ನೆನೆಹಾಕಿ.
* ಬೆಳಗ್ಗೆ ಆ ನೀರು ಚೆಲ್ಲಿ, ಎರಡು ಬಟ್ಟಲು ಹೊಸ ನೀರು ಹಾಕುತ್ತ ನುಣ್ಣಗೆ ರುಬ್ಬಿ.
* ತೆಳು ಬಿಳಿ ಬಟ್ಟೆಯಲ್ಲಿ ಹಿಂಡಿ ಸೋಸಿ. ಹೊಟ್ಟು ಗಟ್ಟಿ ಇರುವುದರಿಂದ ಜರಡಿಯೊಂದೇ ಸಾಲದು. ಉಳಿದ ಚರಟಕ್ಕೆ ಒಂದು ಬಟ್ಟಲು ನೀರು ಹಾಕಿ ಇನ್ನೊಮ್ಮೆ ರುಬ್ಬಿ ಹಿಂಡಿ.
* ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಕಾಯಿಸಿ. ಬೆಂದ ಗೋಧಿ ನುಚ್ಚು ಅಥವಾ ಅಕ್ಕಿಗೆ ಸೇರಿಸಿ ಬೆಲ್ಲ, ಏಲಕ್ಕಿ, ಒಣಶುಂಠಿ ಹಾಕಿದರೆ ಹುಗ್ಗಿ ಸಿದ್ಧ.

ಶೇಂಗಾ ಹಾಲನ್ನೂ ಹೀಗೆಯೇ ತೆಗೆಯಬಹುದು. ನೆನೆದ ಕಾಳಿನ ಸಿಪ್ಪೆ ತೆಗೆದು ರುಬ್ಬಿ, ಸೋಸಿ, ಹತ್ತು ನಿಮಿಷ ಕುದಿಸಿ. ಬೂಷ್ಟು ಹಿಡಿದ, ಕಪ್ಪಾದ, ಮುದುಡಿದ ಕಾಳನ್ನು ಎಸೆದುಬಿಡಿ, ಅದರಲ್ಲಿ ಯಕೃತ್ತಿಗೆ ಹಾನಿ ಮಾಡುವ ವಿಷ ಇರಬಹುದು. ಸೋಯಾ ಹಾಲನ್ನು ಮನೆಯಲ್ಲಿ ಮಾಡುವವರು ಕನಿಷ್ಠ ಇಪ್ಪತ್ತು ನಿಮಿಷ ಕುದಿಸಲೇಬೇಕು. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶಗಳಿವೆ. ಇವೆಲ್ಲ ಅಂದಂದೇ ಮಾಡಿ ಅಂದಂದೇ ಮುಗಿಸಬೇಕಾದ ಹಾಲುಗಳು. ಇವುಗಳಲ್ಲಿ ಲ್ಯಾಕ್ಟೋಸ್ ಇಲ್ಲ ನಿಜ, ಆದರೆ ಕ್ಯಾಲ್ಸಿಯಂ ಆಕಳ ಹಾಲಿನಷ್ಟು ಇರುವುದಿಲ್ಲ.

ಹಂತ 6: ಕ್ಯಾಲ್ಸಿಯಂ ಲೆಕ್ಕ ಹಾಕಿ

ಹಾಲು ಬಿಟ್ಟವರು ಎಡವುವುದು ಇಲ್ಲಿಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು, ಹಾಲುಣಿಸುವ ತಾಯಂದಿರಿಗೆ 1200 ಮಿ.ಗ್ರಾಂ. ನಮ್ಮ ಮುಖ್ಯ ಆಹಾರವಾದ ಜೋಳದಲ್ಲಿ 100 ಗ್ರಾಂಗೆ ಇರುವುದು ಮೂವತ್ತು ಮಿ.ಗ್ರಾಂಗಿಂತ ಕಡಿಮೆ. ರೊಟ್ಟಿಯೊಂದನ್ನೇ ನೆಚ್ಚುವಂತಿಲ್ಲ, ಅದರ ಪಕ್ಕದಲ್ಲಿ ಏನಿದೆ ಎಂಬುದೇ ಮುಖ್ಯ. ದಿನದ ಊಟ ಹೀಗಿದ್ದರೆ ಸಾಕು:

* 50 ಗ್ರಾಂ ರಾಗಿ ಹಿಟ್ಟಿನ ಅಂಬಲಿ, ಮಜ್ಜಿಗೆ ಬೆರೆಸಿ: ರಾಗಿಯಿಂದಲೇ ಸುಮಾರು 180 ಮಿ.ಗ್ರಾಂ
* ಒಂದು ದೊಡ್ಡ ಬಟ್ಟಲು, ಅಂದರೆ 150 ಗ್ರಾಂ ಮೊಸರು: ಸುಮಾರು 200 ಮಿ.ಗ್ರಾಂ
* 100 ಗ್ರಾಂ ರಾಜಗಿರಿ, ನುಗ್ಗೆ ಸೊಪ್ಪು ಅಥವಾ ಮೆಂತ್ಯೆ ಪಲ್ಯ: ಸುಮಾರು 300 ಮಿ.ಗ್ರಾಂ
* 10 ಗ್ರಾಂ ಹುರಿದ ಎಳ್ಳು, ಹಿಂಡಿಯಾಗಿ ಅಥವಾ ಉಂಡಿಯಾಗಿ: ಸುಮಾರು 120 ಮಿ.ಗ್ರಾಂ
* ಒಂದೆರಡು ಚಮಚ ಗುರೆಳ್ಳು ಅಥವಾ ಅಗಸಿ ಹಿಂಡಿ, ಜೊತೆಗೆ ಹುರಳಿ, ಬೇಳೆ, ಕಾಳು: ಉಳಿದದ್ದರ ಬಹುಪಾಲು

ಸಂಕ್ರಾಂತಿಗೆ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತೇವೆ, ಪಂಚಮಿಗೆ ಎಳ್ಳುಂಡಿ ಕಟ್ಟುತ್ತೇವೆ. ಹಬ್ಬದ ಆ ಎಳ್ಳು ನಿತ್ಯದ ತಾಟಿಗೆ ಬರಲಿ. ಹುರಿದು ಕುಟ್ಟಿದ ಎಳ್ಳು ಇಡೀ ಎಳ್ಳಿಗಿಂತ ಚೆನ್ನಾಗಿ ಮೈಗೆ ಹಿಡಿಯುತ್ತದೆ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಅದನ್ನು ಹಿಡಿದಿಡುವುದರಿಂದ ದೇಹಕ್ಕೆ ಸಿಗುವುದು ಕಡಿಮೆ.

ಮಾಂಸ, ಮೊಟ್ಟೆ ತಿನ್ನದ ಮನೆಗಳಲ್ಲಿ ಬಿ12 ಜೀವಸತ್ವ ಸಿಗುವುದು ಬಹುತೇಕ ಹಾಲು, ಮೊಸರಿನಿಂದ. ಅವರು ಹಾಲು ಬಿಟ್ಟರೂ ಮೊಸರು, ಮಜ್ಜಿಗೆ ಬಿಡಬಾರದು. ಅದೂ ಸಾಧ್ಯವಿಲ್ಲ ಎನ್ನುವವರು ರಕ್ತಪರೀಕ್ಷೆ ಮಾಡಿಸಿ, ವೈದ್ಯರ ಸಲಹೆಯಂತೆ ಗುಳಿಗೆ ತೆಗೆದುಕೊಳ್ಳಲಿ.

ಹಂತ 7: ಮಕ್ಕಳ ವಿಷಯದಲ್ಲಿ ಎಚ್ಚರ

ಒಂದು ವರ್ಷ ತುಂಬದ ಕೂಸಿಗೆ ಕುಸುಬಿ, ಶೇಂಗಾ, ಬಾದಾಮಿ, ಯಾವ ಹಾಲೂ ಎದೆಹಾಲಿನ ಬದಲಿ ಆಗದು. ಭೇದಿಯಾದಾಗಲೂ ಎದೆಹಾಲು ನಿಲ್ಲಿಸಬೇಡಿ, ಓಆರ್‌ಎಸ್ ಕೊಡುತ್ತ ವೈದ್ಯರ ಬಳಿ ಕರೆದೊಯ್ಯಿರಿ. ಹುಟ್ಟಿನಿಂದಲೇ ಲ್ಯಾಕ್ಟೇಸ್ ಇಲ್ಲದ ಕೂಸುಗಳು ಅತಿ ವಿರಳ.

ಸರ್ಕಾರಿ ಶಾಲೆ ಮತ್ತು ಅಂಗನವಾಡಿಗಳಲ್ಲಿ 2013ರ ಆಗಸ್ಟ್‌ನಿಂದ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ನಡೆಯುತ್ತಿದೆ. 18 ಗ್ರಾಂ ಹಾಲಿನ ಪುಡಿಯಿಂದ ತಯಾರಿಸಿದ 150 ಮಿ.ಲೀ. ಹಾಲಿನಲ್ಲಿ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಬಹಳಷ್ಟು ಮಕ್ಕಳಿಗೆ ಇದು ಒಗ್ಗುತ್ತದೆ, ಅವರಿಗೆ ಖಂಡಿತ ಕುಡಿಸಬೇಕು. ಆದರೆ ಹಾಲು ಕುಡಿದ ದಿನವೆಲ್ಲ ಒಂದೇ ಮಗು ಹೊಟ್ಟೆನೋವು ಎನ್ನುತ್ತಿದ್ದರೆ ಗದರಿಸಿ ಕುಡಿಸಬೇಡಿ. ಮನೆಯಿಂದ ಏನಾದರೂ ತಿನ್ನಿಸಿ ಕಳಿಸಿ, ಅರ್ಧ ಲೋಟ ಸಾಕೆಂದು ಶಿಕ್ಷಕರಿಗೆ ಹೇಳಿ, ಆರೋಗ್ಯ ಕೇಂದ್ರದ ವೈದ್ಯರ ಚೀಟಿ ಇದ್ದರೆ ತೋರಿಸಿ. ಆ ಕೊರತೆಯನ್ನು ಸಂಜೆ ಮೊಸರನ್ನ, ಎಳ್ಳುಂಡಿಯಿಂದ ತುಂಬಿಸಿ.

ಕೊನೆಯದಾಗಿ ಮನೆಯ ಹಿರಿಯರಲ್ಲಿ, ಶಿಕ್ಷಕರಲ್ಲಿ, ಅಂಗನವಾಡಿ ಕಾರ್ಯಕರ್ತೆಯರಲ್ಲಿ ಒಂದು ವಿನಂತಿ. ಹಾಲು ಒಲ್ಲೆ ಎನ್ನುವ ಮಗುವನ್ನೋ ಸೊಸೆಯನ್ನೋ ಬೈಯುವ ಮೊದಲು, ಕುಡಿದ ಮೇಲೆ ಏನಾಗುತ್ತದೆ ಎಂದು ಕೇಳಿ. ಒಗ್ಗದ ಹಾಲನ್ನು ಒತ್ತಾಯದಿಂದ ಕುಡಿಸುವುದೂ ತಪ್ಪು, ಹಾಲು ಬಿಡಿಸಿ ಅದರ ಜಾಗವನ್ನು ಖಾಲಿ ಇಡುವುದೂ ತಪ್ಪು. ಒಗ್ಗುವಷ್ಟು ಹಾಲು, ದಿನವೂ ಮಜ್ಜಿಗೆ, ತಾಟಿನಲ್ಲಿ ಸೊಪ್ಪು ಮತ್ತು ಎಳ್ಳು ಇದ್ದರೆ ಎಲುಬು ಗಟ್ಟಿಯಾಗಿರುತ್ತದೆ, ಹೊಟ್ಟೆಯೂ ತಣ್ಣಗಿರುತ್ತದೆ.