ಅಧ್ಯಾಪಕಿಯ ಕೆಲಸಕ್ಕೆ ಅರ್ಜಿ ಬರೆಯುವವರಿಗೆ ಕೆಲವು ಮಾತುಗಳು

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಕಾಲೇಜಿನಲ್ಲಿ ಪಾಠ ಹೇಳಬೇಕೆಂಬ ಆಸೆಯುಳ್ಳವರು. ಆ ಆಸೆಯು ಶ್ಲಾಘ್ಯವಾದುದು. ಆದರೆ ಅರ್ಜಿಯನ್ನು ಓದುವವರು ಅದರಲ್ಲಿ ಏನನ್ನು ಹುಡುಕುತ್ತಾರೆಂಬುದು ಅರ್ಜಿ ಬರೆಯುವವರಿಗೆ ತಿಳಿದಿರುವುದು ಅಪರೂಪ. ಕಾಲೇಜಿನ ಆಯ್ಕೆ ಸಮಿತಿಗಳಲ್ಲಿ ಹಲವು ಸಲ ಕುಳಿತ ನಾವು, ಮೇಜಿನ ಆಚೆಯ ಬದಿಯಿಂದ ಕಂಡುದನ್ನು ಇಲ್ಲಿ ಅರಿಕೆ ಮಾಡಬಯಸುತ್ತೇವೆ.

ಮೊದಲನೆಯದು ಅರ್ಹತೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯು, ಕಲೆ, ವಿಜ್ಞಾನ, ವಾಣಿಜ್ಯ ಮೊದಲಾದ ವಿಷಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗತಕ್ಕವರಿಗೆ ಸ್ನಾತಕೋತ್ತರ ಪದವಿಯಲ್ಲಿ ನೂರಕ್ಕೆ 55 ಅಂಕಗಳನ್ನೂ, ಅದರೊಡನೆ ನೆಟ್ ಅಥವಾ ಸೆಟ್ ಪರೀಕ್ಷೆಯ ತೇರ್ಗಡೆಯನ್ನೂ ವಿಧಿಸಿತು, ಕ್ರಮವಾಗಿ ಪಿಎಚ್.ಡಿ. ಪಡೆದವರಿಗೆ ಆ ಪರೀಕ್ಷೆಯಿಂದ ವಿನಾಯಿತಿಯನ್ನಿತ್ತಿತು. ಈ ಹುದ್ದೆಗೆ ಪಿಎಚ್.ಡಿ. ಕಡ್ಡಾಯವಲ್ಲವೆಂಬುದನ್ನು 2023ರ ತಿದ್ದುಪಡಿಯು ಸ್ಪಷ್ಟಗೊಳಿಸಿತು. ನೆಟ್ ದೇಶಕ್ಕೆಲ್ಲ ಸಲ್ಲುವಂಥದು. ಕೆ-ಸೆಟ್ ಕರ್ನಾಟಕದೊಳಗೆ ಮಾತ್ರ. ಪಿಎಚ್.ಡಿ. ಇಲ್ಲದೆ ಬರಿಯ ಕೆ-ಸೆಟ್‌ನಿಂದ ಪುಣೆಗೋ ಚೆನ್ನೈಗೋ ಅರ್ಜಿ ಕಳುಹಿಸಿ ಕಾದುಕೊಂಡಿರುವುದು ವ್ಯರ್ಥ. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹುದ್ದೆಯ ಪ್ರಕಟಣೆಯನ್ನು ಎರಡು ಸಲ ಓದಿದ ಬಳಿಕವೇ ಲೇಖನಿಯನ್ನು ಹಿಡಿಯತಕ್ಕದ್ದು.

ಎರಡನೆಯದು, ಅಂಕಗಳ ಬೆಲೆ. ಅದೇ 2018ರ ನಿಯಮಾವಳಿಯಲ್ಲಿ ಕಾಲೇಜಿನ ಸಂದರ್ಶನಕ್ಕೆ ಕರೆಯುವ ಮುನ್ನ ನೂರು ಅಂಕಗಳ ಲೆಕ್ಕವೊಂದಿತ್ತು, ಪಿಎಚ್.ಡಿ.ಗೆ 25, ಬೋಧನೆಯ ಒಂದೊಂದು ವರ್ಷಕ್ಕೆ 2ರಂತೆ ಹೆಚ್ಚೆಂದರೆ 10. ಆದರೆ ಈ ಲೆಕ್ಕವು ಕರೆಯುವುದಕ್ಕೆ ಮಾತ್ರವೆಂದೂ, ಆಯ್ಕೆಯು ಸಂದರ್ಶನದ ಮೇಲೆಯೇ ಎಂದೂ ಅಲ್ಲಿ ಹೇಳಿತ್ತು. ಅಂಕ ಕಡಿಮೆಯಾಯಿತೆಂದು ಕುಗ್ಗುವವರೂ, ಹೆಚ್ಚಿದೆಯೆಂದು ಸಿದ್ಧತೆಯಿಲ್ಲದೆ ಬರುವವರೂ ಇದನ್ನು ನೆನಪಿನಲ್ಲಿಡಬೇಕು.

ಮೂರನೆಯದು ಅರ್ಜಿಯ ಬರವಣಿಗೆ. ಒಂದು ಹುದ್ದೆಗೆ ಹತ್ತಾರು ಅರ್ಜಿಗಳು ಬಂದಾಗ ಒಂದೊಂದಕ್ಕೆ ದೊರೆಯುವ ವೇಳೆಯು ಕೆಲವೇ ನಿಮಿಷಗಳು. 'ನಾನು ಪರಿಶ್ರಮಿ, ಪ್ರಾಮಾಣಿಕಳು' ಎಂಬ ಮಾತು ಎಲ್ಲ ಅರ್ಜಿಗಳಲ್ಲಿಯೂ ಇರುತ್ತದೆ. ಆ ಕಾಲೇಜು ಸೇರಿರುವ ವಿಶ್ವವಿದ್ಯಾಲಯದ ಪಠ್ಯಕ್ರಮವನ್ನು ನೋಡಿ, 'ಇಂತಿಂಥ ಪತ್ರಿಕೆಗಳನ್ನು ನಾನು ಬೋಧಿಸಬಲ್ಲೆ, ಇವುಗಳನ್ನು ಈಗಾಗಲೇ ಬೋಧಿಸಿದ್ದೇನೆ' ಎಂದು ಬರೆದವಳ ಅರ್ಜಿಯನ್ನು ನಾವು ಮೇಲಕ್ಕೆ ತೆಗೆದಿಡುತ್ತೇವೆ. ಅನುಭವ ಪತ್ರದಲ್ಲಿ ಸೇರಿದ ಮತ್ತು ಬಿಟ್ಟ ತಾರೀಖುಗಳಿರಲಿ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅರ್ಥಶಾಸ್ತ್ರದ ಅರ್ಜಿಯೊಂದರಲ್ಲಿ ನಾಲ್ಕು ವರ್ಷಗಳ ಲೆಕ್ಕವೇ ಇರಲಿಲ್ಲ. ಏನೋ ಮರೆಮಾಚಿದ್ದಾರೆಂದು ನಾವು ಅದನ್ನು ಬದಿಗಿಟ್ಟೆವು. ಆಕೆ ಆ ನಾಲ್ಕು ವರ್ಷ ಹಾಸಿಗೆ ಹಿಡಿದ ಅತ್ತೆಯವರ ಆರೈಕೆ ಮಾಡುತ್ತಾ, ಸಂಜೆ ನೆರೆಹೊರೆಯ ಪದವಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರೆಂದು ನಮಗೆ ತಿಳಿದುದು ಹುದ್ದೆಯು ತುಂಬಿದ ಮೇಲೆ. ನಾವು ಕರೆದು ಕೇಳಬಹುದಾಗಿತ್ತು, ಕೇಳಲಿಲ್ಲ. ಆಕೆ ಎರಡು ಸಾಲು ಬರೆಯಬಹುದಾಗಿತ್ತು, ನಾಚಿಕೆಯಿಂದ ಬರೆಯಲಿಲ್ಲ. ನಷ್ಟವಾದದ್ದು ಆಕೆಗೂ ನಮ್ಮ ವಿದ್ಯಾರ್ಥಿಗಳಿಗೂ. ಸಹೋದರಿಯರೇ, ಮನೆಯ ಕರ್ತವ್ಯಕ್ಕಾಗಿ ಕಳೆದ ವರ್ಷಗಳು ಅಪಮಾನವಲ್ಲ. ಅವನ್ನು ಇದ್ದಂತೆಯೇ ಬರೆಯಿರಿ.

ನಾಲ್ಕನೆಯದು ಮಾದರಿ ಪಾಠ. ಹತ್ತು ನಿಮಿಷದಲ್ಲಿ ಪ್ರಬಂಧವನ್ನೆಲ್ಲ ಒಪ್ಪಿಸುವವರುಂಟು. ನಾವಾದರೋ ಹಿಂದಿನ ಬೆಂಚಿನಲ್ಲಿ ಕುಳಿತ, ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಇದು ತಿಳಿದೀತೇ ಎಂದು ನೋಡುತ್ತಿರುತ್ತೇವೆ. ಬೇಡಿಕೆ ಪೂರೈಕೆಗಳ ನಿಯಮವನ್ನು ಕೋಲಾರದ ಮಾರುಕಟ್ಟೆಯ ಟೊಮೇಟೊ ಬೆಲೆಯಿಂದ ಆರಂಭಿಸಿದವಳು, ಸೂತ್ರದಿಂದ ಆರಂಭಿಸಿದವಳಿಗಿಂತ ಬೇಗನೆ ನಮ್ಮ ಮನಸ್ಸನ್ನು ಗೆಲ್ಲುತ್ತಾಳೆ. ತಿಳಿಯದ ಪ್ರಶ್ನೆಗೆ 'ತಿಳಿಯದು, ನೋಡಿ ಹೇಳುತ್ತೇನೆ' ಎಂದರೆ ದೋಷವಿಲ್ಲ. ನಾಳೆ ತರಗತಿಯಲ್ಲಿಯೂ ಹಾಗೆಯೇ ಹೇಳಬೇಕಾದೀತು.

ಕಡೆಯದಾಗಿ, ಕೇಳುವ ಹಕ್ಕು ನಿಮಗೂ ಉಂಟು. ಹುದ್ದೆಯು ಖಾಯಮ್ಮೋ ಅತಿಥಿ ಉಪನ್ಯಾಸಕಿಯದೋ, ಸಂಬಳವೆಷ್ಟು, ವಾರಕ್ಕೆಷ್ಟು ಗಂಟೆ ಪಾಠ ಎಂಬುದನ್ನು ವಿನಯದಿಂದ ಕೇಳಿ, ನೇಮಕದ ಆಜ್ಞೆಯನ್ನು ಬರಹದಲ್ಲಿ ಪಡೆಯಿರಿ. ಕೆಲಸಕ್ಕಾಗಿ ಹಣ ಕೇಳುವವರಿಂದ ದೂರವಿರಿ.

ತಂದೆತಾಯಿಗಳಲ್ಲಿ ನಮ್ಮದೊಂದೇ ವಿನಂತಿ. ಪರಿಚಯಸ್ಥರಿಂದ ಶಿಫಾರಸು ಮಾಡಿಸುವ ಶ್ರಮವನ್ನು ಬಿಟ್ಟು, ಮಗಳು ಒಮ್ಮೆ ಸೋತರೂ ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳುವಷ್ಟು ಕಾಲವನ್ನೂ ಓದಿಕೊಳ್ಳಲು ಮನೆಯಲ್ಲಿ ಒಂದು ಶಾಂತವಾದ ಮೂಲೆಯನ್ನೂ ಆಕೆಗೆ ಕೊಡಿರಿ. ಯೋಗ್ಯಳಾದ ಅಧ್ಯಾಪಕಿಯನ್ನು ಹುಡುಕುತ್ತಾ ಮೇಜಿನ ಆಚೆ ಕುಳಿತ ನಮಗೂ, ಆಕೆ ಬಾಗಿಲಲ್ಲಿ ಕಾಣಿಸಿಕೊಂಡ ದಿನವು ಸಂತೋಷದ ದಿನವೇ.